ದಾರಿಯಲ್ಲಿ ನಿಂತ ಸೀರೆ

ಹುಬ್ಬಳ್ಳಿ

ಚಿ. ಸೌ. ಶೋಭಾಳಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ.

ನೀನು ಆನ್‌ಲೈನಿನಲ್ಲಿ ಮಾರಿ ಅಂಚೆಯಲ್ಲಿ ಕಳಿಸಿದ ಎರಡು ಇಳಕಲ್ ಸೀರೆ ದಾರಿಯಲ್ಲಿ ಎಲ್ಲೋ ನಿಂತಿವೆ, ನೀನು ಊಟದ ತಾಟಿನ ಮುಂದೆಯೂ ಮೊಬೈಲ್ ಹಿಡಿದು ಟ್ರ್ಯಾಕಿಂಗ್ ನೋಡುತ್ತ ಕೂತಿರುತ್ತೀ ಎಂದು ನಿನ್ನ ಅವ್ವ ಫೋನಿನಲ್ಲಿ ಹೇಳಿದಳು. ಒಬ್ಬ ಗಿರಾಕಿ ಇನ್‌ಸ್ಟಾಗ್ರಾಮಿನಲ್ಲಿ ‘ಮೋಸ’ ಎಂದೂ ಬರೆದಳಂತೆ. ಫೋನಿನಲ್ಲಿ ಹೇಳಿದರೆ ನೀನು ‘ಹ್ಞೂಂ ಮಾಮಾ’ ಎನ್ನುತ್ತೀ, ಮರೆಯುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಆರ್‌ಎಂಎಸ್‌ನಲ್ಲಿ (ಅಂಚೆ ಇಲಾಖೆಯ ರೈಲ್ವೆ ಮೇಲ್ ಸರ್ವಿಸ್) ಟಪಾಲು ಚೀಲ ಕಟ್ಟುತ್ತ ಬಿಚ್ಚುತ್ತ ನೌಕರಿ ಮುಗಿಸಿದವನು ನಾನು. ಬೇರೆ ವಿಷಯದಲ್ಲಿ ಬಿಡು, ಇದೊಂದರಲ್ಲಿ ನನ್ನ ಮಾತು ಕೇಳು.

ಟ್ರ್ಯಾಕಿಂಗ್ ನಿನ್ನ ಸೀರೆ ಈಗ ಎಲ್ಲಿದೆ ಎಂದು ಹೇಳುವುದಿಲ್ಲ, ಕೊನೆಯ ಸಲ ಎಲ್ಲಿ ಸ್ಕ್ಯಾನ್ ಆಯಿತು ಎಂದಷ್ಟೇ ಹೇಳುತ್ತದೆ. ಕೌಂಟರಿನಲ್ಲಿ ಬುಕ್ ಆದ ಪಾರ್ಸೆಲ್ ಚೀಲಕ್ಕೆ ಬಿದ್ದಾಗ ‘ಐಟಂ ಬ್ಯಾಗ್ಡ್’ ಎಂದು ತೋರಿಸುತ್ತದೆ. ಚೀಲದ ಬಾಯಿ ಕಟ್ಟಿದ ಮೇಲೆ ಚೀಲಕ್ಕೇ ಬೇರೆ ಲೇಬಲ್, ಬೇರೆ ನಂಬರು. ಅಲ್ಲಿಂದ ಮುಂದೆ ದಾರಿಯಲ್ಲಿ ಸ್ಕ್ಯಾನ್ ಆಗುವುದು ಚೀಲವೇ ಹೊರತು ಒಳಗಿನ ಪಾರ್ಸೆಲ್ ಅಲ್ಲ. ಟಪಾಲು ವಿಂಗಡಿಸುವ ಮುಂದಿನ ಸಾರ್ಟಿಂಗ್ ಹಬ್‌ನಲ್ಲಿ ಚೀಲ ಬಿಚ್ಚಿ ಒಂದೊಂದನ್ನೇ ಎತ್ತಿ ಸ್ಕ್ಯಾನ್ ಮಾಡಿದಾಗ ನಿನ್ನ ನಂಬರು ಮತ್ತೆ ತೋರುತ್ತದೆ. ದಸರಾ ದೀಪಾವಳಿ ಬಂದರೆ ಬಿಚ್ಚದ ಚೀಲಗಳ ರಾಶಿ ಬೀಳುತ್ತದೆ. ಆಗ ನಾಲ್ಕು ದಿನ ಅದೇ ಸಾಲು ಕಂಡರೆ ಗಾಬರಿ ಬೇಡ. ತಡಾ ಆತು ಅಂದ್ರ ಕಳೀತು ಅಂತಲ್ಲ.

ಹಾಗಾಗಿ ಕೊನೆಯ ಸಾಲನ್ನು ಓದುವುದು ಕಲಿ. ‘ಬುಕ್ಡ್’ ಆಗಿ ಮುಂದೆ ಏನೂ ಇಲ್ಲವೆಂದರೆ ಬುಕ್ ಮಾಡಿದ ಆಫೀಸಿಗೇ ರಸೀದಿ ಹಿಡಿದು ಹೋಗು. ಪಾರ್ಸೆಲ್ ಅಲ್ಲೇ ಮೂಲೆಯಲ್ಲಿ ಉಳಿದಿರಬಹುದು. ಚೀಲ ಹೊರಟು ಮುಂದಿನ ಹಬ್‌ಗೆ ಮುಟ್ಟಿದ ಸುಳಿವೇ ಇಲ್ಲದಿದ್ದರೆ ಅದು ಚೀಲದ ಸಮಸ್ಯೆ, ನಿನ್ನೊಬ್ಬಳದಲ್ಲ. ಆ ಚೀಲದಲ್ಲಿದ್ದ ಎಲ್ಲರದೂ ನಿಂತಿರುತ್ತದೆ, ಸಾಮಾನ್ಯವಾಗಿ ತಾನಾಗಿ ಹೊರಬರುತ್ತದೆ. ಊರಿನ ಅಂಚೆ ಕಚೇರಿ ಮುಟ್ಟಿ ‘ಡೋರ್ ಲಾಕ್ಡ್’, ‘ಇನ್‌ಸಫಿಷಿಯಂಟ್ ಅಡ್ರೆಸ್’ ಎಂದು ಬಂದರೆ ಒಂದು ಗಂಟೆಯೂ ಕಾಯಬೇಡ. ಗಿರಾಕಿಗೆ ಫೋನ್ ಮಾಡಿ, ಆ ಕಚೇರಿಗೆ ಗುರುತಿನ ಚೀಟಿ ಒಯ್ದು ಬಿಡಿಸಿಕೊಳ್ಳಲು ಹೇಳು. ಕೆಲವು ದಿನ ಅಲ್ಲಿ ಇಟ್ಟುಕೊಂಡು, ಆಮೇಲೆ ನಿನಗೇ ವಾಪಸು ಕಳಿಸುತ್ತಾರೆ. ಹೀಗೆ ತಿರುಗಿ ಬಂದದ್ದನ್ನೂ ಮಾರುವವರು ‘ಕಳೆದುಹೋಯಿತು’ ಎಂದೇ ಲೆಕ್ಕ ಹಾಕುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಸೋಮಾರಿತನ.

ನಂಬರನ್ನೂ ಸರಿಯಾಗಿ ನೋಡು. ಸ್ಪೀಡ್ ಪೋಸ್ಟ್ ನಂಬರು ಹದಿಮೂರು ಸ್ಥಾನದ್ದು: ಎರಡು ಇಂಗ್ಲಿಷ್ ಅಕ್ಷರ, ಒಂಬತ್ತು ಅಂಕಿ, ಕೊನೆಗೆ ‘ಐಎನ್’. ಒಂಬತ್ತನೆಯ ಅಂಕಿ ಮೊದಲಿನ ಎಂಟರಿಂದ ಲೆಕ್ಕ ಹಾಕಿ ಬರುವ ತಾಳೆಯ ಅಂಕಿ. ಒಂದು ಅಂಕಿ ತಪ್ಪಿದರೂ ದಾಖಲೆ ಸಿಗುವುದಿಲ್ಲ, ಗಿರಾಕಿ ‘ಸುಳ್ಳು ನಂಬರು ಕೊಟ್ಟಳು’ ಎನ್ನುತ್ತಾಳೆ. ರಸೀದಿಯ ಫೋಟೊ ಒಂದನ್ನೇ ಕಳಿಸಿ ಸುಮ್ಮನಾಗಬೇಡ, ಕಾಪಿ ಮಾಡಿಕೊಳ್ಳಲು ಬರುವಂತೆ ನಂಬರನ್ನು ಟೈಪ್ ಮಾಡಿಯೂ ಕಳಿಸು.

ಇನ್ನು ಪಿನ್‌ಕೋಡ್. ಇದು 1972ರ ಆಗಸ್ಟ್ 15ರಂದು ಬಂತು. ಅಲ್ಲಿಯತನಕ ಊರಿನ ಹೆಸರು ನೋಡಿಯೇ ವಿಂಗಡಿಸಬೇಕಿತ್ತು. ಒಂದೇ ಹೆಸರಿನ ಊರುಗಳು ನಮ್ಮ ದೇಶದಲ್ಲಿ ಎಷ್ಟಿವೆ ನೀನೇ ಯೋಚಿಸು. ಇಳಕಲ್ಲಿನದು 587125. ಮೊದಲ ಮೂರು ಅಂಕಿ ವಿಂಗಡಣೆಯ ಜಿಲ್ಲೆ, ಕೊನೆಯ ಮೂರು ಬಟವಾಡೆ ಮಾಡುವ ಕಚೇರಿ. ಕೊನೆಯ ಮೂರರಲ್ಲಿ ತಪ್ಪಾದರೆ ಪಾರ್ಸೆಲ್ ಅದೇ ಸೀಮೆಯೊಳಗೆ ಸುತ್ತುತ್ತದೆ, ಮೊದಲ ಮೂರರಲ್ಲಿ ತಪ್ಪಾದರೆ ಬೇರೆ ರಾಜ್ಯಕ್ಕೇ ಹೋಗಿ ನಿಲ್ಲಬಹುದು. ಗಿರಾಕಿಗಳು ಹಳೆಯ ಮನೆಯ ಪಿನ್ ಬರೆಯುತ್ತಾರೆ, ಅಪ್ಪನ ಊರಿನದು ಬರೆಯುತ್ತಾರೆ. ಬುಕ್ ಮಾಡುವ ಮುಂಚೆ ಅಂಚೆ ಇಲಾಖೆಯ ತಾಣದಲ್ಲಿ ಆ ಪಿನ್ ಯಾವ ಕಚೇರಿಯದು ಎಂದು ನೋಡಿ ವಿಳಾಸಕ್ಕೆ ತಾಳೆ ಹಾಕು.

ಕಟ್ಟುವಾಗ ಸೀರೆಯ ಮಡಿಕೆಯ ಮೇಲೆ, ಪ್ಲಾಸ್ಟಿಕ್ ಕವರಿನ ಒಳಗೇ ಒಂದು ಚೀಟಿ ಇಡು: ನಿನ್ನ ಹೆಸರು, ವಿಳಾಸ, ಮೊಬೈಲ್, ಗಿರಾಕಿಯ ವಿಳಾಸ. ಹೊರಗಿನ ಲೇಬಲ್ ಕಿತ್ತುಹೋದ ಪಾರ್ಸೆಲ್‌ಗೆ ದಿಕ್ಕಿಲ್ಲ. ಕಳಿಸಿದವರೂ ಪಡೆಯುವವರೂ ಗೊತ್ತಾಗದ ಟಪಾಲು ‘ರಿಟರ್ನ್ಡ್ ಲೆಟರ್ ಆಫೀಸ್’ ಎಂಬ ಕಚೇರಿಗೆ ಹೋಗುತ್ತದೆ, ಅಲ್ಲಿ ಬಿಚ್ಚಿ ಒಳಗೆ ಏನಾದರೂ ಗುರುತು ಸಿಗುತ್ತದೆಯೇ ನೋಡುತ್ತಾರೆ. ಆ ಚೀಟಿ ಇದ್ದರೆ ಸೀರೆ ಮನೆಗೆ ಬರುತ್ತದೆ. ಬಾರ್‌ಕೋಡಿನ ಮೇಲೆ ಹೊಳೆಯುವ ಟೇಪ್ ಎಳೆಯಬೇಡ, ಸ್ಕ್ಯಾನರ್ ಓದಲು ಕಷ್ಟಪಡುತ್ತದೆ. ಸೀರೆಯ ಸೆರಗು, ತೂಕ, ಮುಚ್ಚಿದ ಪಾರ್ಸೆಲ್, ಮೂರನ್ನೂ ಒಂದೇ ವಿಡಿಯೊದಲ್ಲಿ ತೆಗೆದಿಡು.

ನಮ್ಮ ಕಾಲದ ರಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ನನಗೆ ಅದು ಇನ್ನೂ ಒಗ್ಗಿಲ್ಲ, ಇರಲಿ. ಈಗ ಸ್ಪೀಡ್ ಪೋಸ್ಟಿನ ಮೇಲೆ ಐದು ರೂಪಾಯಿ ಮತ್ತು ಜಿಎಸ್‌ಟಿ ಕೊಟ್ಟರೆ ನೋಂದಣಿ ಸಿಗುತ್ತದೆ, ಅಂದರೆ ವಿಳಾಸದಲ್ಲಿ ಹೆಸರಿದ್ದವರಿಗೆ ಅಥವಾ ಅವರು ಒಪ್ಪಿಸಿದವರಿಗೇ ಕೊಡುತ್ತಾರೆ. ಪಡೆಯುವವರ ಮೊಬೈಲಿಗೆ ಬಂದ ಒಟಿಪಿ ಹೇಳಿದ ಮೇಲೇ ಕೊಡುವ ಒಟಿಪಿ ಬಟವಾಡೆಗೂ ಅಷ್ಟೇ ದುಡ್ಡು. ಬರೀ ಸ್ಪೀಡ್ ಪೋಸ್ಟ್ ಆದರೆ ಆ ವಿಳಾಸದಲ್ಲಿ ಯಾರಾದರೂ ಸಹಿ ಹಾಕಿ ತೆಗೆದುಕೊಳ್ಳಬಹುದು. ‘ಡೆಲಿವರ್ಡ್’ ಎಂದಿದೆ, ಗಿರಾಕಿ ಬಂದಿಲ್ಲ ಎನ್ನುತ್ತಾಳೆ ಎಂಬ ಜಗಳದಲ್ಲಿ ಪಾರ್ಸೆಲ್ ಎಷ್ಟೋ ಸಲ ಅಪಾರ್ಟ್‌ಮೆಂಟಿನ ವಾಚ್‌ಮನ್ ಖೋಲಿಯಲ್ಲೇ ಇರುತ್ತದೆ. ಅವಳನ್ನು ಸುಳ್ಳಿ ಎನ್ನುವ ಮುಂಚೆ ಗೇಟಿನಲ್ಲಿ ಕೇಳಲು ಹೇಳು. ದುಬಾರಿ ಸೀರೆಗೆ ಒಟಿಪಿ ಹಾಕಿಸಿದರೆ ಈ ಮಾತೇ ಬರುವುದಿಲ್ಲ.

ಪರಿಹಾರದ ಭ್ರಮೆಯಲ್ಲಿ ಇರಬೇಡ. ಸ್ಪೀಡ್ ಪೋಸ್ಟ್ ಕಳೆದರೆ ಕೊಡುವುದು ನೀನು ಕೊಟ್ಟ ಶುಲ್ಕದ ಎರಡರಷ್ಟು ಅಥವಾ 1000 ರೂಪಾಯಿ, ಯಾವುದು ಕಡಿಮೆಯೋ ಅದು. ಒಳಗೆ ಆರು ಸಾವಿರದ ರೇಷ್ಮೆ ಸೆರಗಿನ ಸೀರೆ ಇದ್ದರೂ ಲೆಕ್ಕ ಅಷ್ಟೇ. ಪೂರ್ತಿ ಬೆಲೆ ಬೇಕೆಂದರೆ ಕೌಂಟರಿನಲ್ಲೇ ಬೆಲೆ ಹೇಳಿ ವಿಮೆ ಮಾಡಿಸಬೇಕು. ಎಲ್ಲ ಸೀರೆಗೂ ಮಾಡಿಸು ಎನ್ನುವುದಿಲ್ಲ. ಹತ್ತಿಯ ಸಾದಾ ಸೀರೆಗೆ ಬೇಡ. ಪ್ರತಿ ಮಾರಾಟದಲ್ಲಿ ಒಂದಿಷ್ಟು ತೆಗೆದು ಬೇರೆ ಖಾತೆಯಲ್ಲಿಡು, ಕಳೆದಾಗ ಅದರಿಂದ ತುಂಬು. ಖಾಸಗಿ ಕೊರಿಯರ್ ಆದರೆ ಅವರ ಷರತ್ತಿನ ಸಣ್ಣ ಅಕ್ಷರಗಳನ್ನು ಓದು, ಅಲ್ಲಿಯೂ ಪರಿಹಾರಕ್ಕೆ ಮಿತಿ ಇದ್ದೇ ಇರುತ್ತದೆ.

ನನ್ನ ಮುಖ್ಯ ಮಾತು ಇದು: ಗಿರಾಕಿಯ ಲೆಕ್ಕವನ್ನೂ ಅಂಚೆಯ ಲೆಕ್ಕವನ್ನೂ ಕೂಡಿಸಬೇಡ. ಅವಳು ದುಡ್ಡು ಕೊಟ್ಟದ್ದು ನಿನಗೆ. ‘ಅಂಚೆಯವರು ಕೊಟ್ಟ ಮೇಲೆ ಕೊಡುತ್ತೇನೆ’ ಎಂದರೆ ಅವಳಿಗೆ ನೀನೂ ಅವರೂ ಒಂದೇ. ನೀನು ಹೇಳಿದ ದಿನ ದಾಟಿ ಒಂದು ವಾರ ಯಾವ ಸ್ಕ್ಯಾನೂ ಇಲ್ಲವೆಂದರೆ ನೀನೇ ಮೊದಲು ಸಂದೇಶ ಕಳಿಸು, ಬೇರೆ ಸೀರೆ ಬೇಕೋ ಹಣ ಬೇಕೋ ಕೇಳು. ಕೈಮಗ್ಗದ ಸೀರೆ, ಅದೇ ಬಣ್ಣ ಅದೇ ದಡಿ ಮತ್ತೆ ಸಿಗಲಿಕ್ಕಿಲ್ಲ. ನೀನೇ ಆರಿಸಿ ಇನ್ನೊಂದು ಕಳಿಸಬೇಡ. ಕಳೆದದ್ದು ಆಮೇಲೆ ಸಿಕ್ಕರೆ ವಾಪಸು ಕೊಡಬೇಕೆಂದೂ ಆಗಲೇ ಬರೆದು ತಿಳಿಸು. ‘ಮೂರೇ ದಿನದಲ್ಲಿ’ ಎಂದು ಜಾಹೀರಾತು ಹಾಕುವುದನ್ನು ಇಂದೇ ತೆಗೆ. ಹೇಳಿದ ದಿನಕ್ಕಿಂತ ತಡವಾಗಿ ಬಂದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎನ್ನಲು ಮಾರುವವರಿಗೆ 2020ರ ಇ-ಕಾಮರ್ಸ್ ಗ್ರಾಹಕ ನಿಯಮಗಳು ಬಿಡುವುದಿಲ್ಲ.

ಅಂಚೆಯೊಡನೆ ಹೋರಾಟ ನಿನ್ನದು, ಅದನ್ನು ಬಿಡಬೇಡ. ಪರಿಹಾರ ಕೇಳಬೇಕಾದವಳು ಕಳಿಸಿದವಳು, ಅಸಲು ರಸೀದಿ ಬೇಕು. ಅಂಚೆ ಇಲಾಖೆಯ ತಾಣದಲ್ಲಿ ಅಥವಾ 1800 266 6868ರಲ್ಲಿ ದೂರು ಕೊಟ್ಟು ದೂರಿನ ನಂಬರು ಬರೆದಿಟ್ಟುಕೋ. ಪಾರ್ಸೆಲ್ ಸಿಗದೆಯೇ ದೂರು ಮುಚ್ಚಿದರೆ ಕೇಂದ್ರ ಸರ್ಕಾರದ ದೂರಿನ ತಾಣವಾದ ಸಿಪಿಜಿಆರ್‌ಎಎಂಎಸ್‌ನಲ್ಲಿ ಹಾಕು, ಇಲಾಖೆಯೇ ದೂರು ಕೇಳಲು ಕೂರುವ ಅಂಚೆ ಅದಾಲತ್ತಿನ ಪ್ರಕಟಣೆ ಬಂದಾಗ ಅಲ್ಲಿಗೂ ಕೊಡು. ಬೈದು ಬರೆಯಬೇಡ: ನಂಬರು, ಬುಕ್ ಮಾಡಿದ ದಿನ, ಕೊನೆಯ ಸ್ಕ್ಯಾನ್, ಒಳಗಿನ ವಸ್ತು, ಬೆಲೆ. ಇಷ್ಟಿದ್ದರೆ ಮೇಜಿನ ಆಚೆ ಕೂತವನು ಕೆಲಸ ಮಾಡುತ್ತಾನೆ. ಆ ಕಡೆ ಕೂತು ನೋಡಿದವನು ಹೇಳುತ್ತಿದ್ದೇನೆ.

‘ವಿಳಾಸ ಅಪೂರ್ಣವಾಗಿದೆ, ಪಾರ್ಸೆಲ್ ಗೋದಾಮಿನಲ್ಲಿದೆ, ಲಿಂಕ್ ಒತ್ತಿ’ ಎಂದು ಅಂಚೆಯ ಹೆಸರಿನಲ್ಲಿ ಎಸ್‌ಎಂಎಸ್ ಬರುತ್ತವೆ. ಅವು ಕಳ್ಳರವು. ಗಿರಾಕಿಗಳಿಗೂ ಹೇಳು, ಕಾಮೆಂಟಿನಲ್ಲಿ ವಿಳಾಸ, ರಸೀದಿ ಹಾಕಿದವರದನ್ನು ಅಳಿಸು.

‘ಮೋಸ’ ಎಂದವಳಿಗೆ ಇಂದು ಸಂಜೆಯೊಳಗೆ ಫೋನ್ ಮಾಡು. ಎರಡೂ ಸೀರೆಗಳ ರಸೀದಿ, ಕೊನೆಯ ಸ್ಕ್ಯಾನಿನ ಸ್ಕ್ರೀನ್‌ಶಾಟ್ ನನಗೆ ವಾಟ್ಸಾಪಿನಲ್ಲಿ ಕಳಿಸು, ದೂರಿನ ಕರಡು ನಾನು ಬರೆದುಕೊಡುತ್ತೇನೆ. ನಿನ್ನ ಅತ್ತಿ ಒಂದು ಚಿಕ್ಕಿಪರಾಸ ಸೀರೆ ಕೇಳಿದ್ದಾಳೆ. ಅದನ್ನು ಪಾರ್ಸೆಲ್ ಮಾಡಬೇಡ, ಮುಂದಿನ ಸಲ ಬರುವಾಗ ತಾ.

ನಿನ್ನ ಮಾಮಾ