ಸರಕಿಗೊಂದು ಬಸ್ ಕೊಡಿ: ಸಾರಿಗೆ ಸಚಿವರಿಗೆ ಕೊಡಗಿನಿಂದ ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರಿಗೆ,

ಕೊಡಗಿನ ಚಿಲ್ಲರೆ ಅಂಗಡಿಯವರು ಮತ್ತು ಸರಕು ಸಾಗಣೆಯವರು ಮಾಡುವ ನಮಸ್ಕಾರಗಳು.

ನೇರ ವಿಷಯಕ್ಕೆ ಬರುತ್ತೇವೆ. ಕುಶಾಲನಗರದಿಂದ ಮಡಿಕೇರಿಗೆ ದಿನಾ ಬೆಳಗಿನ ಜಾವ ಒಂದು ಸರಕು ಬಸ್ ಓಡಿಸಿ. ಸೀಟು ಕಿತ್ತ ಬಸ್ಸು, ಗೊತ್ತಾದ ಹೊತ್ತಿಗೆ ಹೊರಟು ಗೊತ್ತಾದ ಜಾಗದಲ್ಲಿ ನಿಂತು ಅಂಗಡಿಗಳ ಸಾಮಾನು ಇಳಿಸಬೇಕು. ಬಾಯಿಮಾತಲ್ಲಿ ಕೇಳಿದ್ದಾಯಿತು, ಮನವಿ ಬರೆದು ಕೊಟ್ಟದ್ದಾಯಿತು. ಇನ್ನು ನಾಲ್ಕು ಜನ ಓದಲಿ ಎಂದೇ ಹೀಗೆ ಬಹಿರಂಗವಾಗಿ ಬರೆಯುತ್ತಿದ್ದೇವೆ.

ಬೆಳಿಗ್ಗೆ ಒಂಬತ್ತಕ್ಕೆ ಮಡಿಕೇರಿಯ ಮಹದೇವಪೇಟೆಗೆ ಒಮ್ಮೆ ಬಂದು ನೋಡಿ. ಎಣ್ಣೆ ತಂದ ಲಾರಿ, ಬಿಸ್ಕತ್ತಿನ ಟೆಂಪೊ, ಸೋಪು-ಪೇಸ್ಟಿನ ಇನ್ನೊಂದು ಟೆಂಪೊ, ತಂಪು ಪಾನೀಯದ ಗಾಡಿ. ನಾಲ್ಕೂ ಬಂದಿರುವುದು ಅದೇ ಅಂಗಡಿಗೆ, ಒಂದೊಂದರಿಂದ ಇಳಿಯುವುದು ಮೂರೋ ನಾಲ್ಕೋ ಪೆಟ್ಟಿಗೆ. ರಸ್ತೆ ಇಳಿಜಾರು. ಕ್ಲೀನರ್ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹಗ್ಗ ಬಿಚ್ಚಿ, ಟಾರ್ಪಾಲಿನ ಒಂದು ಮೂಲೆ ಮಡಚಿ, ಒಳಗೆ ನುಗ್ಗಿ ಹುಡುಕುತ್ತಾನೆ. ಬೇಕಾದ ಪೆಟ್ಟಿಗೆ ಮೈಸೂರಲ್ಲಿ ತುಂಬುವಾಗಲೇ ಎಲ್ಲಕ್ಕಿಂತ ಕೆಳಗೆ ಬಿದ್ದಿರುತ್ತದೆ. ಅದು ಸಿಗುವವರೆಗೆ ಹಿಂದೆ ಶಾಲೆಯ ವ್ಯಾನು, ಅದರ ಹಿಂದೆ ಆಂಬುಲೆನ್ಸು, ಎಲ್ಲವೂ ನಿಂತಲ್ಲೇ ನಿಲ್ಲಬೇಕು. ಜುಲೈ ತಿಂಗಳಾದರೆ ಅಷ್ಟು ಹೊತ್ತಿಗೆ ಮಳೆ ಒಳಗೆ ಹೊಡೆದು ಸಕ್ಕರೆ ಮೂಟೆ ಒದ್ದೆಯಾಗುತ್ತದೆ, ರಟ್ಟಿನ ಪೆಟ್ಟಿಗೆಯ ತಳ ಕಳಚುತ್ತದೆ. ತೋಯ್ದ ಸಾಮಾನಿನ ನಷ್ಟ ಅಂಗಡಿಯವನದು. ನಿಲ್ಲಿಸಬಾರದ ಜಾಗದಲ್ಲಿ ನಿಲ್ಲಿಸಿದ್ದಕ್ಕೆ ದಂಡ ಚಾಲಕನಿಗೆ. ಅದು ಮುಂದಿನ ವಾರದ ಬಾಡಿಗೆಯಲ್ಲಿ ಸೇರಿ ಬರುತ್ತದೆ. ಕೊನೆಗೆ ಕೊಡುವವರು ಗಿರಾಕಿಗಳು. ಶುಕ್ರವಾರದ ಸಂತೆ ದಿನ, ಪ್ರವಾಸಿಗರು ತುಂಬುವ ಶನಿವಾರ, ಭಾನುವಾರ ಹೇಗಿರುತ್ತದೆ ಎಂದು ಬರೆಯುವುದೇ ಬೇಡ. ಎಷ್ಟು ವರ್ಷ ಸ್ವಾಮಿ ಹೀಗೆ?

ಈ ತೊಂದರೆಗೆ ಬೇರೆ ಊರುಗಳು ದಾರಿ ಹುಡುಕಿವೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ 2001ರಿಂದ 2020ರವರೆಗೆ, ನಡುವೆ ಕೆಲಕಾಲ ನಿಂತದ್ದು ಬಿಟ್ಟರೆ, ಊರೊಳಗಿನ ಫೋಕ್ಸ್‌ವ್ಯಾಗನ್ ಕಾರ್ಖಾನೆಗೆ ಬಿಡಿಭಾಗ ತಲುಪಿಸಿದ್ದು ಸರಕು ಟ್ರಾಮ್, ಅಂದರೆ ಊರಿನ ರಸ್ತೆಯ ಹಳಿ ಮೇಲೆ ಓಡುವ ಸರಕಿನ ಗಾಡಿ. ಸುಮಾರು 60 ಮೀಟರ್ ಉದ್ದ, 60 ಟನ್‌ವರೆಗೆ ಭಾರ, ಒಂದು ಸಲ ಹೋದರೆ ಮೂರು ಲಾರಿಯ ಕೆಲಸ. ಅಂಗಡಿಗಳ ವಿಚಾರಕ್ಕೆ ಹತ್ತಿರವಾದದ್ದು ಫ್ರಾನ್ಸಿನ ಸಾಂತ್ ಎತಿಯೆನ್. ಅಲ್ಲಿ 2017ರಲ್ಲಿ ಹಳೆಯ ಪ್ರಯಾಣಿಕರ ಟ್ರಾಮನ್ನೇ ಬದಲಾಯಿಸಿ, ಚಕ್ರ ಹಾಕಿದ ಪಂಜರಗಳಲ್ಲಿ ಸಾಮಾನು ತುಂಬಿ, ಕಸಿನೊ ಎಂಬ ದಿನಸಿ ಮಳಿಗೆ ಸಮೂಹದ ಅಂಗಡಿಗಳಿಗೆ ತಲುಪಿಸಿ ನೋಡಿದರು. ಆಮ್‌ಸ್ಟರ್‌ಡ್ಯಾಮಿನಲ್ಲಿ ಮಾತ್ರ ಸರಕು ಟ್ರಾಮ್ ಕೈಕೊಟ್ಟಿತು. 2007ರಲ್ಲಿ ಪ್ರಯೋಗ ಚೆನ್ನಾಗಿಯೇ ನಡೆಯಿತು. ದೊಡ್ಡದಾಗಿ ಮಾಡಲು ಹೊರಟಾಗ ಹಣ ಹೊಂದಲಿಲ್ಲ, 2009ರಲ್ಲಿ ಅದಕ್ಕೆ ಕೈಹಾಕಿದ ಕಂಪನಿ ದಿವಾಳಿಯಾಯಿತು.

ಡ್ರೆಸ್ಡೆನ್ ಅಷ್ಟು ವರ್ಷ ನಡೆದದ್ದಕ್ಕೆ ಕಾರಣ ಸರಳ. ಹೊರಡುವ ಕಡೆ ಗೋದಾಮು, ತಲುಪುವ ಕಡೆ ಬೇರೆ ಯಾರಿಗೂ ಅಡ್ಡಿಯಾಗದೆ ಇಳಿಸುವ ಜಾಗ, ನಡುವೆ ಬದಲಾಗದ ದಾರಿ. ನಮ್ಮದು ರೈಲೇ ಇಲ್ಲದ ಜಿಲ್ಲೆ, ಟ್ರಾಮ್ ಕೇಳುವಷ್ಟು ತಿಳಿಗೇಡಿಗಳಲ್ಲ ನಾವು. ಆದರೆ ಬದಲಾಗದ ದಾರಿ ಮತ್ತು ಹೊತ್ತು ಎರಡೂ ನಿಮ್ಮ ಬಸ್ಸಿಗೆ ಈಗಾಗಲೇ ಇವೆ. ಎರಡು ತುದಿಗೆ ಎರಡು ಜಾಗ ಮಾಡಿಕೊಟ್ಟರೆ ಸಾಕು.

ಕೆಲಸ ಹೀಗೆ. ಮೈಸೂರಿನ ಕಡೆಯಿಂದ ಬರುವ ಲಾರಿಗಳೆಲ್ಲ ಕುಶಾಲನಗರದಲ್ಲೇ ಒಂದು ಶೆಡ್ಡಿನಲ್ಲಿ ಸಾಮಾನು ಇಳಿಸಲಿ. ರಾತ್ರಿ ಅಲ್ಲಿ ಅಂಗಡಿವಾರು ಬೇರ್ಪಡಿಸಿ ಚಕ್ರದ ಪಂಜರಕ್ಕೆ ತುಂಬಬೇಕು. ಗುಜರಿಗೆ ಹೋಗಲಿರುವ, ಎಂಜಿನ್ ಮತ್ತು ಬ್ರೇಕು ಗಟ್ಟಿಯಿರುವ ಬಸ್ಸಿನ ಸೀಟು ಕಿತ್ತು, ನೆಲಕ್ಕೆ ಜಾರದ ಅಲ್ಯೂಮಿನಿಯಂ ತಗಡು ಹೊಡೆದು, ಎರಡೂ ಬದಿಗೆ ಬೆಲ್ಟ್ ಬಿಗಿಯುವ ಕೊಂಡಿ ಹಾಕಿಸಿ. ಐವತ್ತು ಜನರ ತೂಕ ಸುಮಾರು ಮೂರು ಟನ್. ಸರಕೂ ಅಷ್ಟೇ ಇರಲಿ, ಅದಕ್ಕಿಂತ ಒಂದು ಮೂಟೆಯೂ ಹೆಚ್ಚು ಬೇಡ. ಅಕ್ಕಿ, ಸಕ್ಕರೆ, ಎಣ್ಣೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆಯೇ ಬರಬೇಕು. ಬಸ್ಸಿನ ಬಾಲ ಉದ್ದ. ಹಿಂದಿನ ಚಕ್ರದಿಂದಾಚೆ ಭಾರ ಹೇರಿದರೆ ಮುಂದಿನ ಚಕ್ರ ಹಗುರಾಗಿ ಸುಂಟಿಕೊಪ್ಪ ದಾಟಿದ ಮೇಲಿನ ತಿರುವುಗಳಲ್ಲಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಬಾಲದಲ್ಲಿ ಬಿಸ್ಕತ್ತು, ಚಿಪ್ಸು, ಪೊರಕೆಯಂಥ ಹಗುರ ಸಾಮಾನು ಮಾತ್ರ. ಕೊನೆಗೆ ಇಳಿಯುವ ಅಂಗಡಿಯ ಪಂಜರ ಮೊದಲು ಒಳಗೆ ಹೋಗಬೇಕು. ಇದನ್ನು ಒಂದು ದಿನ ತಪ್ಪಿದರೂ ಮಹದೇವಪೇಟೆಯಲ್ಲಿ ಅದೇ ಹುಡುಕಾಟ ಮತ್ತೆ ಶುರು.

ಕುಶಾಲನಗರ ಬಿಡುವುದು ಐದು ಗಂಟೆಗೆ. ಅದಕ್ಕಿಂತ ಬೇಗ ಬೇಡ, ಆನೆಕಾಡಿನಲ್ಲಿ ಆನೆಗಳು ರಸ್ತೆ ದಾಟುವ ಹೊತ್ತದು. ಸುಮಾರು 30 ಕಿಲೋಮೀಟರ್. ಏರು ಹತ್ತಿ ಆರೂಕಾಲಿನೊಳಗೆ ಮಡಿಕೇರಿ ಮುಟ್ಟುತ್ತದೆ. ಎಂಟಕ್ಕೆ ಮೊದಲು ಪೇಟೆ ಖಾಲಿ ಮಾಡಬಹುದು.

ಎಡವುವುದು ಎಲ್ಲಿ ಎಂಬುದೂ ನಮಗೆ ಗೊತ್ತು. ಟ್ರಾಮಿನ ನೆಲ ತಗ್ಗು, ಪಂಜರ ತಳ್ಳಿದರೆ ಇಳಿಯುತ್ತದೆ. ನಮ್ಮ ಬಸ್ಸಿನ ನೆಲ ಹೆಚ್ಚುಕಡಿಮೆ ಸೊಂಟದೆತ್ತರ. ಆ ಎತ್ತರಕ್ಕೆ ಕಟ್ಟಿದ, ಮೇಲೆ ಶೀಟು ಹೊದೆಸಿದ ಕಟ್ಟೆಯೊಂದು ಮಡಿಕೇರಿಯಲ್ಲಿ ಬೇಕೇ ಬೇಕು. ಕಟ್ಟೆ ಇಲ್ಲದೆ ಬಸ್ ಕೊಟ್ಟರೆ ಹಮಾಲರ ಬೆನ್ನು ಮುರಿಯುವುದಷ್ಟೇ ಲಾಭ. ಪಂಜರದ ಎರಡು ಚಕ್ರಕ್ಕಾದರೂ ಬ್ರೇಕ್ ಇರಬೇಕು, ಇಲ್ಲವಾದರೆ ಇಳಿಜಾರಿನಲ್ಲಿ ಕೈತಪ್ಪಿ ಜನರ ಮೇಲೆ ಹೋಗುತ್ತದೆ. ಅಂಗಡಿ ಬಾಗಿಲು ತೆರೆಯುವುದು ಎಂಟರ ಮೇಲೆ. ಹಾಗಾಗಿ ಪಂಜರಕ್ಕೆ ಬೀಗ, ಬೀಗದ ಇನ್ನೊಂದು ಕೈ ಅಂಗಡಿಯವನ ಬಳಿ. ವಾಪಸ್ ಬರುವಾಗ ಖಾಲಿ ಕ್ರೇಟು, ತಿರಸ್ಕರಿಸಿದ ಮಾಲು, ಹಂಗಾಮಿನಲ್ಲಿ ಕಾಳುಮೆಣಸು, ಕಿತ್ತಳೆ ಬರಲಿ. ಖಾಲಿ ಓಡಿದರೆ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ.

ಕಾನೂನು ಅಡ್ಡ ಬರುತ್ತದೆ ಎಂಬ ಉತ್ತರ ದಯವಿಟ್ಟು ಬೇಡ. ಮೋಟಾರು ವಾಹನ ಕಾಯ್ದೆ 1988ರ 72ನೇ ಕಲಂ ನಮಗಿಂತ ನಿಮಗೆ ಚೆನ್ನಾಗಿ ಗೊತ್ತು: ಪ್ರಯಾಣಿಕರ ಜೊತೆ ಅಥವಾ ಪ್ರಯಾಣಿಕರ ಬದಲು ಸರಕು ಒಯ್ಯಲು ಷರತ್ತು ವಿಧಿಸಿ ಪರವಾನಗಿ ಕೊಡಬಹುದು. ಪೇಟೆಯಲ್ಲಿ ಸರಕು ವಾಹನಗಳ ಓಡಾಟಕ್ಕೆ ಕಟ್ಟುಪಾಡು ಹಾಕಲು 115ನೇ ಕಲಂ ಇದೆ. 50,000 ರೂಪಾಯಿಗಿಂತ ಹೆಚ್ಚಿನ ಮಾಲಿಗೆ ಇ-ವೇ ಬಿಲ್, ಅಂದರೆ ಜಿಎಸ್‌ಟಿಯ ಸಾಗಣೆ ಚೀಟಿ ಬೇಕು. ಲಾರಿಯಿಂದ ಬಸ್ಸಿಗೆ ಮಾಲು ಬದಲಾಯಿಸಿದಾಗ ಆ ಬಿಲ್ಲಿನಲ್ಲಿ ವಾಹನದ ವಿವರ ಇರುವ ಭಾಗ-ಬಿಯಲ್ಲಿ ಬಸ್ಸಿನ ನಂಬರ್ ಹಾಕಬೇಕು. ಶೆಡ್ಡಿನಲ್ಲಿ ಒಂದು ಕಂಪ್ಯೂಟರು, ಒಬ್ಬ ಗುಮಾಸ್ತ ಕೂತರೆ ಎಲ್ಲ ಬಿಲ್ಲು ಸೇರಿಸಿ ಒಂದೇ ಕ್ರೋಡೀಕೃತ ಬಿಲ್ ತೆಗೆಯಬಹುದು. ಕೆಎಸ್‌ಆರ್‌ಟಿಸಿಯ ಪಾರ್ಸೆಲ್ ಸೇವೆ 2021ರಿಂದಲೇ ಇದೆ, ದರಪಟ್ಟಿ ಇದೆ, ರಸೀದಿ ಇದೆ. ಇನ್ನೇನು ಬೇಕು?

ಮಳೆಗಾಲದಲ್ಲಿ ಜಿಲ್ಲಾಡಳಿತ ಭಾರಿ ಸರಕು ವಾಹನಗಳನ್ನು ತಡೆಯುತ್ತದೆ. ತಡೆಯಲೇಬೇಕು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಗುಡ್ಡ ಕುಸಿದು ಸಂಪಾಜೆ ದಾರಿ ಮುಚ್ಚಿದ್ದನ್ನು ಕಂಡವರು ನಾವು. ಮಂಗಳೂರು ಕಡೆಯ ಸರಕು ನಿಂತಾಗ ಮಡಿಕೇರಿಗೆ ಉಳಿಯುವ ಮುಖ್ಯ ಬಾಗಿಲು ಕುಶಾಲನಗರದ್ದು. ದೊಡ್ಡ ಲಾರಿ ಬರಬಾರದು ಎಂದು ಆದೇಶ ಹೊರಡಿಸುವ ಸರ್ಕಾರ, ಸಣ್ಣ ತೂಕದ ಬಸ್ಸಿನಲ್ಲಿ ಅಕ್ಕಿ, ಬೇಳೆ ತಲುಪಿಸುವ ಏರ್ಪಾಡನ್ನೂ ಜೊತೆಗೇ ಮಾಡಬೇಡವೇ? ಔಷಧಿ ಅಂಗಡಿಗೂ ಇದೇ ದಾರಿ ತಾನೆ?

ಆದ್ದರಿಂದ ಮತ್ತೆ ಅದನ್ನೇ ಕೇಳುತ್ತೇವೆ. ಒಂದು ಬಸ್, ಕುಶಾಲನಗರದಲ್ಲಿ ಶೆಡ್, ಮಡಿಕೇರಿಯಲ್ಲಿ ಕಟ್ಟೆ. ಮೂರು ತಿಂಗಳು ಓಡಿಸಿ ಲೆಕ್ಕ ನೋಡಿ. ಗಿಟ್ಟಿದರೆ ವಿರಾಜಪೇಟೆಗೆ, ಸೋಮವಾರಪೇಟೆಗೆ ವಿಸ್ತರಿಸಿ. ಗಿಟ್ಟದಿದ್ದರೆ ನಿಲ್ಲಿಸಿ, ನಾವು ಚಕಾರ ಎತ್ತುವುದಿಲ್ಲ. ಪರಿಶೀಲಿಸಲಾಗುವುದು ಎಂಬ ಒಂದು ಸಾಲಿನ ಉತ್ತರ ಬೇಡ. ಕಟ್ಟೆಗೆ ಜಾಗ ಗುರುತಿಸಲು ಯಾವ ಅಧಿಕಾರಿ, ಯಾವ ದಿನ ಮಡಿಕೇರಿಗೆ ಬರುತ್ತಾರೆ ಎಂದು ತಿಳಿಸಿ. ಜೂನ್‌ಗೆ ಮೊದಲೇ ಬರಲಿ, ಆಮೇಲೆ ಇಲ್ಲಿ ಸಿಮೆಂಟು ಒಣಗುವುದಿಲ್ಲ.

ಇಂತಿ ತಮ್ಮ ವಿಶ್ವಾಸಿಗಳು,
ಕೊಡಗಿನ ಚಿಲ್ಲರೆ ಅಂಗಡಿಯವರು ಮತ್ತು ಸರಕು ಸಾಗಣೆಯವರು