ನೋಡಿಕೊಳ್ಳಬೇಕಿತ್ತಂತೆ! ಎಲ್ಲಿ ನೋಡಬೇಕು?

ಮಾನ್ಯ ಸಂಪಾದಕರೇ,

ಪೀಣ್ಯ ಎರಡನೇ ಹಂತದ ಕಾರ್ಖಾನೆ ಬಾಗಿಲು ಹಾಕಿದ ಸುದ್ದಿ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಸುದ್ದಿಯ ಕೊನೆಗೆ ಅಧಿಕಾರಿಯೊಬ್ಬರ ಮಾತೂ ಇದೆ. ಉದ್ದರಿ ಮಾಲು ಕೊಡುವ ಮೊದಲು ಕಂಪನಿಯ ಕ್ರೆಡಿಟ್ ರಿಪೋರ್ಟ್ ನೋಡಿ, ನಿರ್ದೇಶಕರ ಹಿನ್ನೆಲೆ ವಿಚಾರಿಸಿಕೊಳ್ಳುವುದು ಸರಬರಾಜುದಾರರ ಹೊಣೆ ಎಂದಿದ್ದಾರೆ. ಆ ಕಾರ್ಖಾನೆಗೆ ಮಾಲು ಕೊಟ್ಟು ಬಾಕಿಗಾಗಿ ಕಾದಿರುವ ನಾವು ಅದನ್ನು ಓದಿ ಸುಮ್ಮನೆ ಕೂರಲಾಗದೆ ಈ ಪತ್ರ ಬರೆಯುತ್ತಿದ್ದೇವೆ.

ಅಧಿಕಾರಿಗಳು ಒಮ್ಮೆ ಆ ಗೇಟಿನ ಹತ್ತಿರ ಬಂದು ನಿಲ್ಲಲಿ. ಸರಳಿನ ಸಂದಿಯಲ್ಲಿ ಇಣುಕಿದರೆ ನೀಲಿ ಪ್ಲಾಸ್ಟಿಕ್ ಟ್ರೇಗಳ ಸಾಲು ಕಾಣುತ್ತದೆ. ಒಂದೊಂದರ ಮೇಲೂ ಒಂದೊಂದು ಸಣ್ಣ ಘಟಕದ ಹೆಸರು, ಬಿಳಿ ಪೇಂಟಿನಲ್ಲಿ. ಒಳಗಿರುವುದು ಟರ್ನಿಂಗ್ ಮುಗಿಸಿ ಕಳಿಸಿದ ಪಿನ್ನು, ಬುಷ್ಷು. ಮೊದಲ ಮಳೆಗೆ ತುಕ್ಕು ಹಿಡಿಯುತ್ತವೆ. ಗೇಟಿಗೆ ಬ್ಯಾಂಕಿನ ಸ್ವಾಧೀನ ನೋಟಿಸು ಅಂಟಿಸಿದ್ದಾರೆ. ಮಾಲು, ಟ್ರೇ, ಅಳತೆಯ ಗೇಜು ಎಲ್ಲ ಬೇರೆಯವರಿಗೆ ಬಿಡಿಭಾಗ ಮಾಡಿಕೊಡುವ ಜಾಬ್‌ವರ್ಕ್‌ನವರದು, ಬೀಗ ಮಾತ್ರ ಬ್ಯಾಂಕಿನದು. ಡೆಲಿವರಿ ಚಲನ್ ಹಿಡಿದು ಹೋದವರಿಗೆ ಸೆಕ್ಯೂರಿಟಿಯವರು ಯಾರದೋ ಫೋನ್ ನಂಬರ್ ಕೊಡುತ್ತಾರೆ, ಆ ಫೋನ್ ಯಾರೂ ಎತ್ತುವುದಿಲ್ಲ.

ದುಡ್ಡು ಬರಲಿ ಬಿಡಲಿ, ಬಿಲ್ಲು ಹಾಕಿದ ಮುಂದಿನ ತಿಂಗಳೇ ಜಿಎಸ್‌ಟಿ ಕಟ್ಟಬೇಕು. 4 ಲಕ್ಷದ ಬಿಲ್ಲಿಗೆ ಶೇ 18ರಂತೆ 72 ಸಾವಿರ ಕೈಯಿಂದ ಹೋಗಿದೆ. ಮಾಲು ಕೊಂಡ ಪಾರ್ಟಿ ಮುಳುಗಿತು, ಈ ತೆರಿಗೆ ವಾಪಸ್ ಕೊಡಿ ಎಂದು ಕೇಳಲು ಜಿಎಸ್‌ಟಿ ಕಾಯ್ದೆಯಲ್ಲಿ ದಾರಿಯೇ ಇಲ್ಲ. ಇದರ ಮೇಲೆ ಬ್ಯಾಂಕಿನ ಓವರ್‌ಡ್ರಾಫ್ಟ್ (ಓಡಿ) ಖಾತೆಯ ಬಡ್ಡಿ, ಶೆಡ್ಡಿನ ಬಾಡಿಗೆ, ಕರೆಂಟಿನ ನಿಗದಿತ ಶುಲ್ಕ, ಶನಿವಾರದ ಬಟವಾಡೆ. ಇಷ್ಟೆಲ್ಲ ಹೊತ್ತವರಿಗೆ ನಿಮ್ಮದೇ ತಪ್ಪು ಎನ್ನಲು ಮನಸ್ಸಾದರೂ ಹೇಗೆ ಬಂತು?

ಕ್ರೆಡಿಟ್ ರಿಪೋರ್ಟ್ ವಿಷಯಕ್ಕೇ ಬರೋಣ. ಸಿಬಿಲ್‌ನಂಥ ಸಂಸ್ಥೆಗಳು ಕಂಪನಿಗಳ ಸಾಲದ ವರದಿ ತಯಾರಿಸುತ್ತವೆ. ಸಣ್ಣ, ಮಧ್ಯಮ ಉದ್ಯಮಗಳಿಗೆ 1ರಿಂದ 10ರವರೆಗೆ ರ‍್ಯಾಂಕ್ ಕೊಡುತ್ತವೆ, 1 ಎಂದರೆ ಉತ್ತಮ, 10 ಎಂದರೆ ಅಪಾಯ. ಯಾವ ಬ್ಯಾಂಕಿಗೆ ಕಂತು ಎಷ್ಟು ದಿನ ತಡವಾಗಿದೆ ಎಂಬುದೆಲ್ಲ ಅದರಲ್ಲಿರುತ್ತದೆ. ಆದರೆ ಆ ವರದಿ ನೋಡುವ ಹಕ್ಕು ಸಾಲ ಕೊಡುವ ಸಂಸ್ಥೆಗಳಿಗೆ, ಕಾನೂನು ಗುರುತಿಸಿದ ಇತರ ಕೆಲವು ಸಂಸ್ಥೆಗಳಿಗೆ ಮತ್ತು ಆ ಕಂಪನಿಗೆ ಮಾತ್ರ. ಕಬ್ಬಿಣ ಕೊಟ್ಟವರಿಗೆ, ಪ್ಲೇಟಿಂಗ್ ಮಾಡಿಕೊಟ್ಟವರಿಗೆ ಇಲ್ಲ. 45 ದಿನದ ಉದ್ದರಿ ಕೊಡುವುದೂ ಸಾಲವೇ ಅಲ್ಲವೇ? ನಿಮ್ಮ ವರದಿ ನೀವೇ ತೆಗೆದುಕೊಡಿ ಎಂದು ದೊಡ್ಡ ಕಂಪನಿಯ ಪರ್ಚೇಸ್ ವಿಭಾಗವನ್ನು ಕೇಳಿದರೆ ಪರ್ಚೇಸ್ ಆರ್ಡರ್ (ಪಿ.ಒ.) ಪಕ್ಕದ ಶೆಡ್ಡಿಗೆ ಹೋಗುತ್ತದೆ. ನಮಗೆ ತೆರೆದಿರುವುದು ಬ್ಯಾಂಕುಗಳು ದಾವೆ ಹೂಡಿದ 1 ಕೋಟಿ ಮತ್ತು ಮೇಲ್ಪಟ್ಟ ಬಾಕಿದಾರರ ಪಟ್ಟಿ, 25 ಲಕ್ಷ ಮತ್ತು ಮೇಲ್ಪಟ್ಟ ಉದ್ದೇಶಪೂರ್ವಕ ಸುಸ್ತಿದಾರರ ಪಟ್ಟಿ, ಅಷ್ಟೇ. ಅದರಲ್ಲಿ ಹೆಸರು ಬರುವ ಹೊತ್ತಿಗೆ ಕಂಪನಿ ಮುಗಿದಿರುತ್ತದೆ.

ಹಾಗೆಂದು ಪೀಣ್ಯದವರು ಕಣ್ಣು ಮುಚ್ಚಿ ಮಾಲು ಕೊಟ್ಟರು ಎಂದುಕೊಳ್ಳಬೇಡಿ. ನೋಡಲು ಸಿಗುವುದನ್ನೆಲ್ಲ ಇಲ್ಲಿನವರು ನೋಡುತ್ತಾರೆ. ಹೊಸ ಪಾರ್ಟಿಯ ಪಿ.ಒ. ಬಂದರೆ ಮೊದಲು ಅದರ ಮೇಲಿನ 21 ಅಕ್ಷರ, ಅಂಕಿಗಳ ಸಿಐಎನ್, ಅಂದರೆ ಕಂಪನಿಯ ಗುರುತಿನ ಸಂಖ್ಯೆ, ಓದಬೇಕು. ಕೆಎ ಎಂಬ ರಾಜ್ಯದ ಗುರುತಿನ ನಂತರದ ನಾಲ್ಕು ಅಂಕಿಯೇ ನೋಂದಣಿಯಾದ ವರ್ಷ. ಮೂವತ್ತು ವರ್ಷದ ಕಂಪನಿ ಎಂದವರ ಸಿಐಎನ್‌ನಲ್ಲಿ 2023 ಎಂದಿದ್ದರೆ ಹಳೆಯ ಕಂಪನಿ ಏನಾಯಿತು ಎಂದು ಕೇಳಲೇಬೇಕು. ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಲಾಗಿನ್ ಆದರೆ ಕಂಪನಿಯ ಸ್ಥಿತಿ, ಕೊನೆಯ ವಾರ್ಷಿಕ ಸಭೆಯ ದಿನ, ಕೊನೆಯ ಬ್ಯಾಲೆನ್ಸ್ ಶೀಟಿನ ದಿನ ಪುಕ್ಕಟೆ ಕಾಣುತ್ತವೆ. 100 ರೂಪಾಯಿ ಕಟ್ಟಿದರೆ ಸಲ್ಲಿಸಿದ ದಾಖಲೆಗಳೂ ತೆರೆದುಕೊಳ್ಳುತ್ತವೆ.

ನಿರ್ದೇಶಕರನ್ನು ಹೆಸರಿನಿಂದ ಹುಡುಕಲು ಹೋಗಬಾರದು. ಒಂದೇ ಹೆಸರಿನವರು ನೂರಾರು ಜನ ಇರುತ್ತಾರೆ. ದುಡ್ಡು ತೆಗೆದುಕೊಂಡು ವರದಿ ಕೊಡುವ ಖಾಸಗಿಯವರೂ ಇಲ್ಲೇ ಎಡವಿ, ಯಾರದೋ ಮುಳುಗಿದ ಕಂಪನಿಯನ್ನು ಇನ್ಯಾರದೋ ತಲೆಗೆ ಕಟ್ಟುತ್ತಾರೆ. ಎಂಟು ಅಂಕಿಯ ಡಿಐಎನ್, ಅಂದರೆ ನಿರ್ದೇಶಕರ ಗುರುತಿನ ಸಂಖ್ಯೆ, ಹಿಡಿದೇ ಹೋಗಬೇಕು. ಆ ನಂಬರಿನ ಕೆಳಗೆ ಸರ್ಕಾರಿ ರಿಜಿಸ್ಟರಿನಿಂದ ಹೆಸರು ತೆಗೆದುಹಾಕಿಸಿಕೊಂಡ ಕಂಪನಿಗಳು ಎಷ್ಟು, ದಿವಾಳಿ ಪ್ರಕ್ರಿಯೆಯಲ್ಲಿರುವವು ಎಷ್ಟು ನೋಡಬೇಕು. ನಿರ್ದೇಶಕರು ಬದಲಾದುದನ್ನು ತಿಳಿಸಲು ಇತ್ತೀಚೆಗೆ ಸಲ್ಲಿಸಿದ ಡಿಐಆರ್-12 ನಮೂನೆ ಹುಡುಕಬೇಕು. ಮೂಲ ನಿರ್ದೇಶಕರು ರಾಜೀನಾಮೆ ಕೊಟ್ಟು ಯಾರೂ ಕೇಳರಿಯದ ಇಬ್ಬರು ಬಂದು ಕೂತಿದ್ದರೆ, ಜೊತೆಗೆ ನೋಂದಾಯಿತ ಕಚೇರಿ ಕಾರ್ಖಾನೆಯಿಂದ ಯಾವುದೋ ಫ್ಲಾಟಿಗೆ ಹೋಗಿದ್ದರೆ, ಆ ಪಾರ್ಟಿಗೆ ಮುಂಗಡ ಇಲ್ಲದೆ ಒಂದು ಬೋಲ್ಟನ್ನೂ ಕಳಿಸಬಾರದು. ಅವಧಿಗೆ ಮೊದಲೇ ಆಡಿಟರ್ ಕೈ ತೊಳೆದುಕೊಂಡು ರಾಜೀನಾಮೆಯ ನಮೂನೆ ಎಡಿಟಿ-3 ಸಲ್ಲಿಸಿದ್ದರೂ ಹಾಗೆಯೇ.

ಅದೇ ಪೋರ್ಟಲ್‌ನ ಚಾರ್ಜ್ ಪಟ್ಟಿಯಲ್ಲಿ ಯಾವ ಆಸ್ತಿ ಯಾವ ಬ್ಯಾಂಕಿಗೆ ಅಡ ಎಂದು ಕಾಣುತ್ತದೆ. ಇಲ್ಲೊಂದು ಎಚ್ಚರ ಬೇಕು: ಸಾಲ ತೀರಿಸಿದರೂ ಅದನ್ನು ತಿಳಿಸುವ ನಮೂನೆ ಸಿಎಚ್‌ಜಿ-4 ಸಲ್ಲಿಸದಿದ್ದರೆ ಹಳೆಯ ಚಾರ್ಜ್ ಹಾಗೇ ಉಳಿದಿರುತ್ತದೆ, ಅದನ್ನು ನೋಡಿ ಗಾಬರಿ ಬೀಳಬೇಕಿಲ್ಲ. ಗಾಬರಿ ಬೀಳಬೇಕಾದ್ದು ಬ್ಯಾಂಕು ಹೋಗಿ ಅದೇ ಯಂತ್ರಗಳ ಮೇಲೆ ಫೈನಾನ್ಸ್ ಕಂಪನಿಗಳ ಹೊಸ ಚಾರ್ಜುಗಳು ಒಂದರ ಹಿಂದೊಂದು ಬಂದಾಗ. ಬ್ಯಾಲೆನ್ಸ್ ಶೀಟಿನಲ್ಲಿ ಲಾಭ ನೋಡುವುದಕ್ಕಿಂತ ಮೊದಲು ಪೂರೈಕೆದಾರರ ಬಾಕಿಯ ವಯಸ್ಸಿನ ಕೋಷ್ಟಕ ನೋಡಬೇಕು. ಸಣ್ಣ ಉದ್ಯಮಗಳಿಗೆ ಎಷ್ಟು ಬಾಕಿ, ಒಂದು ವರ್ಷ ದಾಟಿದ್ದು ಎಷ್ಟು, ಎರಡು ವರ್ಷ ದಾಟಿದ್ದು ಎಷ್ಟು ಎಂದು ಅದರಲ್ಲಿ ಬಿಡಿಸಿ ಬರೆದಿರಬೇಕು. ಆಡಿಟರ್ ವರದಿಗೆ ಅನುಬಂಧ ಇದ್ದರೆ ಪಿ.ಎಫ್., ತೆರಿಗೆ ಬಾಕಿ ಇದೆಯೇ, ಬ್ಯಾಂಕಿನ ಕಂತು ತಪ್ಪಿದೆಯೇ ಎಂಬ ಕಲಮುಗಳನ್ನು ಬಿಡದೆ ಓದಬೇಕು.

ಆದರೆ ಇದೆಲ್ಲ ಯಾವ ಕಾಲದ ಲೆಕ್ಕ? ಮಾರ್ಚ್ 31ಕ್ಕೆ ವರ್ಷ ಮುಗಿಯುತ್ತದೆ, ಸಭೆಗೆ ಸೆಪ್ಟೆಂಬರ್ 30ರವರೆಗೆ ಗಡುವು, ಅಲ್ಲಿಂದ ಲೆಕ್ಕಪತ್ರ ಸಲ್ಲಿಸಲು ಮತ್ತೆ 30 ದಿನ. 2025ರ ಸೆಪ್ಟೆಂಬರ್‌ನಲ್ಲಿ ಪಿ.ಒ. ಹಿಡಿದವರಿಗೆ ನೋಡಲು ಸಿಗುತ್ತಿದ್ದುದು ಸಾಮಾನ್ಯವಾಗಿ 2024ರ ಮಾರ್ಚಿನ ಲೆಕ್ಕ. ಹದಿನೆಂಟು ತಿಂಗಳಲ್ಲಿ ಒಂದು ಕಂಪನಿ ಮುಳುಗಿ ಇನ್ನೊಂದು ಹೆಸರಿನಲ್ಲಿ ಏಳಬಹುದು.

ತಾಜಾ ಸುಳಿವು ಸಿಗುವುದು ಬೇರೆ ಕಡೆ. ಜಿಎಸ್‌ಟಿ ನಂಬರ್ ಹಾಕಿ ಹುಡುಕಿದರೆ ಯಾವ ತಿಂಗಳ 3-ಬಿ, ಅಂದರೆ ತೆರಿಗೆ ಕಟ್ಟುವ ರಿಟರ್ನ್, ಯಾವ ದಿನ ಸಲ್ಲಿಸಿದ್ದಾರೆ ಎಂದು ಕಾಣುತ್ತದೆ. 20ಕ್ಕೆ ಸಲ್ಲಿಸುತ್ತಿದ್ದವರು ಮುಂದಿನ ತಿಂಗಳಿಗೆ ಜಾರಿದರೆ ಕೈಯಲ್ಲಿ ಕಾಸಿಲ್ಲ ಎಂದರ್ಥ. ಪಿ.ಎಫ್. ತಾಣದಲ್ಲಿ ಸಂಸ್ಥೆಯ ಹೆಸರು ಹುಡುಕಿದರೆ ತಿಂಗಳುವಾರು ಕಟ್ಟಿದ ಮೊತ್ತ, ಕಟ್ಟಿದ ದಿನ, ನೌಕರರ ಸಂಖ್ಯೆ ಸಿಗುತ್ತವೆ. ನಮ್ಮ ಅನುಭವದಲ್ಲಿ ಎಲ್ಲಕ್ಕಿಂತ ನಂಬಬೇಕಾದ್ದು ಇದನ್ನೇ. ತಲೆಗಳು ತಿಂಗಳಿಂದ ತಿಂಗಳಿಗೆ ಕಮ್ಮಿಯಾಗುತ್ತಾ, 15ನೇ ತಾರೀಕಿನ ಗಡುವು ಮೀರುತ್ತಾ ಹೋದರೆ ಅಲ್ಲಿ ಬೀಗ ಹುಡುಕುತ್ತಿದ್ದಾರೆ ಎಂದೇ ತಿಳಿಯಬೇಕು. ರೇಟಿಂಗ್ ಸಂಸ್ಥೆಗಳ ಪ್ರಕಟಣೆಯಲ್ಲಿ ಈ ಕಂಪನಿ ಮಾಹಿತಿ ಕೊಡಲು ಸಹಕರಿಸುತ್ತಿಲ್ಲ ಎಂಬ ಷರಾ ಇದ್ದರೂ ಅಷ್ಟೇ.

ಹೀಗೆ ಆರು ಕಡೆ ಹುಡುಕಿ ಚೂರು ಚೂರು ಜೋಡಿಸಬೇಕಾದವರು ಯಾರು? ಎರಡು ಲೇತು, ಒಂದು ಮಿಲ್ಲಿಂಗ್ ಮಷೀನು ಇಟ್ಟುಕೊಂಡು, ತಾವೇ ಆಪರೇಟರು ತಾವೇ ಗುಮಾಸ್ತರೂ ಆಗಿರುವವರು. ಆದರೆ ತಿಂಗಳ ರಿಟರ್ನ್ ಜಿಎಸ್‌ಟಿ ಇಲಾಖೆಗೆ ಹೋಗುತ್ತದೆ, ಸ್ಟಾಕ್ ಸ್ಟೇಟ್‌ಮೆಂಟು ಬ್ಯಾಂಕಿಗೆ ಹೋಗುತ್ತದೆ. ಅವರೆಲ್ಲರಿಗೂ ಮೊದಲೇ ಗೊತ್ತಿರುತ್ತದೆ, ಒಬ್ಬರೂ ಬಾಯಿ ಬಿಡುವುದಿಲ್ಲ. ಸಣ್ಣ ಘಟಕದವರು 3-ಬಿ ತಡ ಮಾಡಿದರೆ ದಿನಕ್ಕೆ 50 ರೂಪಾಯಿ ಎಣಿಸಿ ಕೀಳುತ್ತಾರೆ. ಕಂಪನಿಗಳು ಲೆಕ್ಕಪತ್ರ ತಡ ಮಾಡಿದರೂ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ ಇದೆ, ಅದನ್ನು ಕೇಳುವುದು ದಾಖಲೆ ಸಲ್ಲಿಸುವ ದಿನ. ಸಲ್ಲಿಸದೇ ಓಡಿಹೋದವರಿಂದ ಕಟ್ಟಿಸಿಕೊಳ್ಳುವವರು ಯಾರು? ಸತತ ಮೂರು ವರ್ಷ ಲೆಕ್ಕ ಕೊಡದ ಕಂಪನಿಯ ನಿರ್ದೇಶಕರು ಐದು ವರ್ಷ ಅನರ್ಹರು ಎಂದು ಕಂಪನಿ ಕಾಯ್ದೆಯ 164ನೇ ಕಲಮು ಹೇಳುತ್ತದೆ. ಸರ್ಕಾರದವರು 2017ರಲ್ಲಿ ಲಕ್ಷಕ್ಕೂ ಹೆಚ್ಚು ನಿರ್ದೇಶಕರನ್ನು ಅನರ್ಹಗೊಳಿಸಿದೆವು ಎಂದು ಬೀಗಿದರು, 2018ರಲ್ಲಿ ವಿಳಂಬ ಮನ್ನಾ ಯೋಜನೆ ತಂದರು, 2020ರಲ್ಲಿ ಇನ್ನೊಂದು ತಂದರು. ಅನರ್ಹರಾದವರು ಹೆಂಡತಿ, ಭಾಮೈದನ ಹೆಸರಿನಲ್ಲಿ ಅದೇ ಶೆಡ್ಡಿನಲ್ಲಿ ಹೊಸ ಕಂಪನಿ ತೆರೆದರೆ ತಡೆಯುವವರಿಲ್ಲ.

ಪರಿಹಾರದ ಕಾನೂನು ಇದೆಯಲ್ಲ ಎನ್ನಬಹುದು. ಸಣ್ಣ ಉದ್ಯಮಗಳ 2006ರ ಕಾಯ್ದೆಯಂತೆ 45 ದಿನ ದಾಟಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಅರ್ಜಿ ಕೊಟ್ಟರೆ 90 ದಿನದಲ್ಲಿ ತೀರ್ಮಾನ. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದ ದಿನವೇ ಅದೆಲ್ಲ ನಿಲ್ಲುತ್ತದೆ. ದಿವಾಳಿ ಅರ್ಜಿ ನಾವೇ ಹಾಕೋಣವೆಂದರೆ 2020ರ ಮಾರ್ಚ್‌ನಿಂದ ಕನಿಷ್ಠ ಬಾಕಿ 1 ಲಕ್ಷದಿಂದ 1 ಕೋಟಿಗೆ ಏರಿದೆ. 4 ಲಕ್ಷದವರು ಬೇರೆಯವರು ಅರ್ಜಿ ಹಾಕುವವರೆಗೆ ಕಾದು, ಪತ್ರಿಕೆಯಲ್ಲಿ ಬರುವ ಪ್ರಕಟಣೆ ನೋಡಿ, ನಮೂನೆ ಬಿಯಲ್ಲಿ ಕ್ಲೇಮು ಸಲ್ಲಿಸಿ, ಬ್ಯಾಂಕುಗಳೆಲ್ಲ ಉಂಡೆದ್ದ ಮೇಲೆ ಎಲೆಗೆ ಕೂರಬೇಕು.

45 ದಿನ ಮೀರಿ ಸಣ್ಣ ಉದ್ಯಮಗಳ ಬಾಕಿ ಉಳಿಸಿಕೊಂಡ ಕಂಪನಿಗಳು ವರ್ಷಕ್ಕೆರಡು ಬಾರಿ, ಅಕ್ಟೋಬರ್ 31 ಮತ್ತು ಏಪ್ರಿಲ್ 30ರೊಳಗೆ, ಎಂಎಸ್‌ಎಂಇ-1 ನಮೂನೆ ಸಲ್ಲಿಸಬೇಕೆಂಬ ನಿಯಮ ಈಗಲೂ ಇದೆ. ಬಾಕಿ ಉಳಿಸಿಕೊಂಡ ಕಂಪನಿಗಳ ಹೆಸರನ್ನು ಯಾರು ಬೇಕಾದರೂ ನೋಡುವಂತೆ ಒಂದೇ ಪಟ್ಟಿಯಲ್ಲಿ ಹಾಕಲಿ. ಸಾಲದ ವರದಿಯನ್ನು ಉದ್ದರಿ ಕೊಡುವ ಸಣ್ಣವರಿಗೂ ತೆರೆಯಲಿ. ಅದಾಗದಿದ್ದರೆ ಕಟ್ಟಿದ ಜಿಎಸ್‌ಟಿಯನ್ನಾದರೂ ವಾಪಸ್ ಕೊಡಲಿ, ಕಡೇಪಕ್ಷ ಆ ಗೇಟು ತೆಗೆಸಿ ನಮ್ಮ ಟ್ರೇಗಳನ್ನು ಬಿಡಿಸಿಕೊಡಲಿ. ಇದರಲ್ಲಿ ಏನೊಂದೂ ಮಾಡದವರು ಪತ್ರಿಕೆಯಲ್ಲಿ ನಮಗೆ ಬುದ್ಧಿ ಹೇಳುವ ಕೆಲಸಕ್ಕೆ ಕೈ ಹಾಕಬಾರದು.

– ಬಾಕಿಗಾಗಿ ಕಾದಿರುವ ಜಾಬ್‌ವರ್ಕ್ ಘಟಕಗಳವರು,
ಪೀಣ್ಯ ಎರಡನೇ ಹಂತ, ಬೆಂಗಳೂರು