ಸಂಪಾದಕೀಯ: ಬಯೋಡೇಟಾ ಮದುವೆಗೆ, ಸಿವಿ ಕೆಲಸಕ್ಕೆ

ಪಂಚಮಿ ಉಂಡಿಯ ಡಬ್ಬಿ ಇನ್ನೂ ಖಾಲಿಯಾಗಿಲ್ಲ, ಈ ಪುಟ ಮಾತ್ರ ನಿನ್ನೆಯೇ ಅಚ್ಚಿಗೆ ಹೋಗಬೇಕಿತ್ತು. ವಿಷಯ ಕೊಟ್ಟವಳು ಇಲ್ಲಿ ಬ್ರಿಟನ್ನಿನ ನಮ್ಮ ಕನ್ನಡ ತರಗತಿಯ ಹುಡುಗಿ: "ಬಯೋಡೇಟಾ ಅಂದ್ರ ಮದುವಿಗೆ ಕಳಸೂದಲ್ಲ? ನಮ್ಮಣ್ಣ ಯಾಕ ಅದನ್ನ ಆಫೀಸಿಗೆ ಕಳಸ್ಯಾನ?"

ಸೆಪ್ಟೆಂಬರ್ ಬಂತು. ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಇಲ್ಲಿಗೆ ಬರುವ ಹೊಸ ಹುಡುಗರ ಬ್ಯಾಗಿನಲ್ಲಿ ಶೇಂಗಾ ಚಟ್ನಿಯ ಜೊತೆ ಆ ಬಯೋಡೇಟಾ ಹಾಳೆಯೂ ಬರುತ್ತದೆ. ಅದು ನಮಗೆಲ್ಲ ಬಾಯಿಪಾಠ. ಬೆಳಗಾವಿಯ ಖಡೇಬಜಾರದ್ದಿರಲಿ, ವಿಜಯಪುರದ ಗಾಂಧಿಚೌಕದ್ದಿರಲಿ, ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಇದ್ದದ್ದು ಒಂದೇ ನಮೂನೆ. ಹಿಂದಿನವನ ಹೆಸರು ಅಳಿಸಿ ನಮ್ಮದು ಹೊಡೆಯುವುದು. ತಂದೆಯ ಹೆಸರು, ಹುಟ್ಟಿದ ತಾರೀಖು, ಧರ್ಮ, ಮದುವೆ ಆಗಿದೆಯೋ ಇಲ್ಲವೋ, ಬಲ್ಲ ಭಾಷೆಗಳು. ಕಾಯಂ ವಿಳಾಸ, ಹಳೇ ಬಾಗಲಕೋಟೆಯ ಎಷ್ಟೋ ಮಂದಿಯದು ಆಲಮಟ್ಟಿ ಹಿನ್ನೀರಿಗೆ ಹೋದ ಮನೆಯದು. ಮೂಲೆಗೆ ಗೋಂದು ಹಚ್ಚಿದ ಫೋಟೊ. ಕೊನೆಗೆ ಮೇಲಿನದೆಲ್ಲ ಸತ್ಯ ಎಂಬ ಘೋಷಣೆ, ಸ್ಥಳ, ಸಹಿ. ಹಿಂದಿನವನ ಹವ್ಯಾಸ ಅಳಿಸುವುದು ಮರೆತರೆ, ಬ್ಯಾಟು ಹಿಡಿಯದವನೂ ಕ್ರಿಕೆಟ್ ಆಟಗಾರನಾಗುತ್ತಿದ್ದ.

ಇಲ್ಲಿ ಬ್ರಿಟನ್ನಿನಲ್ಲಿ ಕೆಲಸಕ್ಕೆ ಕಳಿಸುವ ಆ ಹಾಳೆಯ ಹೆಸರು ಸಿವಿ (ಕರಿಕ್ಯುಲಮ್ ವೀಟೆ): ಎ4 ಹಾಳೆ, ಹೆಚ್ಚೆಂದರೆ ಎರಡು ಪುಟ, ಜೊತೆಗೆ ಕವರಿಂಗ್ ಲೆಟರ್ ಎಂಬ ಪರಿಚಯ ಪತ್ರ. ಅಮೆರಿಕಕ್ಕೆ ಅರ್ಜಿ ಹಾಕುವವರು ರೆಸ್ಯೂಮೆ ಅನ್ನಬೇಕು. ಹೊಸಬರದು ಒಂದೇ ಪುಟ, ಜೊತೆಗಿನ ಪತ್ರಕ್ಕೆ ಅಲ್ಲಿ ಕವರ್ ಲೆಟರ್ ಅನ್ನುತ್ತಾರೆ. ಅಲ್ಲಿ ಸಿವಿ ಅಂದರೆ ಅಧ್ಯಾಪಕರು, ಸಂಶೋಧಕರು ತಮ್ಮ ಪ್ರಕಟಣೆಗಳನ್ನೆಲ್ಲ ಸೇರಿಸಿ ಬರೆಯುವ ಉದ್ದನೆಯ ದಾಖಲೆ, ಹತ್ತು ಪುಟವಾದರೂ ಸೈ. ಕೆನಡಾದವರು ಹೆಚ್ಚಾಗಿ ರೆಸ್ಯೂಮೆ ಅನ್ನುತ್ತಾರೆ, ಆಸ್ಟ್ರೇಲಿಯಾದಲ್ಲಿ ಎರಡೂ ನಡೆಯುತ್ತವೆ. ರೆಸ್ಯೂಮೆ ಫ್ರೆಂಚ್ ಪದ, ಆದರೆ ಫ್ರಾನ್ಸಿನವರು ಈ ಹಾಳೆಗೆ ಸಿವಿ ಅನ್ನುತ್ತಾರೆ!

ಹೆಸರು ಬದಲಿಸಿದರೆ ಸಾಲದು. ಅಮೆರಿಕದಲ್ಲಿ ಬಳಸುವ ಲೆಟರ್ ಅಳತೆಯ ಹಾಳೆ ಎ4ಗಿಂತ 6 ಮಿ.ಮೀ. ಅಗಲ, 18 ಮಿ.ಮೀ. ಗಿಡ್ಡ. ಎ4ನಲ್ಲಿ ಕಂಠಮಟ್ಟ ತುಂಬಿಸಿದ ಪುಟವನ್ನು ಆ ಅಳತೆಗೆ ತಿರುಗಿಸಿದರೆ ಕೊನೆಯ ಎರಡು ಮೂರು ಸಾಲು ಎರಡನೇ ಪುಟಕ್ಕೆ ಜಾರುತ್ತವೆ. ಮೊದಲೇ ಅಳತೆ ಬದಲಿಸಿ, ಸಾಲು ಕಡಿಮೆ ಮಾಡಿ, ಪಿಡಿಎಫ್ ಮಾಡಿ ಕಳಿಸಿ.

ಫೋಟೊ, ವಯಸ್ಸು, ಧರ್ಮ, ಮದುವೆ, ತಂದೆಯ ಹೆಸರು, ಘೋಷಣೆ ಎಲ್ಲ ತೆಗೆಯಿರಿ. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆಯಡಿ ವಯಸ್ಸು, ಧರ್ಮ, ಮದುವೆ ನೋಡಿ ತಾರತಮ್ಯ ಮಾಡುವಂತಿಲ್ಲ; ಅಮೆರಿಕದಲ್ಲಿ ಧರ್ಮಕ್ಕೆ 1964ರ ನಾಗರಿಕ ಹಕ್ಕುಗಳ ಕಾಯ್ದೆ, ವಯಸ್ಸಿಗೆ 1967ರ ಇನ್ನೊಂದು ಕಾಯ್ದೆ ಇದೆ. ಇವನ್ನು ಬರೆದು ಕಳಿಸಿದರೆ ಓದುವವರಿಗೇ ಇಕ್ಕಟ್ಟು. ಪೂರ್ತಿ ವಿಳಾಸವೂ ಬೇಡ, ಈಗಿರುವ ಊರು, ಫೋನು, ಇಮೇಲ್ ಸಾಕು.

ನಮ್ಮ ಇಂಗ್ಲಿಷೂ ಒಮ್ಮೊಮ್ಮೆ ಕೈಕೊಡುತ್ತದೆ. ಫ್ರೆಶರ್ ಅಂದರೆ ಇಲ್ಲಿ ಕಾಲೇಜಿನ ಮೊದಲ ವರ್ಷದವರು, ಗ್ರ್ಯಾಜುಯೇಟ್ ಅನ್ನಿ. 2023ರಲ್ಲಿ ಪಾಸ್ಡ್ ಔಟ್ ಎಂದು ಬರೆದರೆ ಆ ವರ್ಷ ಎಚ್ಚರ ತಪ್ಪಿ ಬಿದ್ದಿರಿ ಎಂದಾಗುತ್ತದೆ. ನಿಮ್ಮ ಪರವಾಗಿ ಮಾತಾಡುವವರು ಇಲ್ಲಿ ರೆಫರೀ, ಅಮೆರಿಕದಲ್ಲಿ ರೆಫರೆನ್ಸ್; ಅಲ್ಲಿ ರೆಫರೀ ಅಂದರೆ ಸೀಟಿ ಊದುವವನು. 05/06/2023 ಇಲ್ಲಿ ಜೂನ್ 5, ಅಲ್ಲಿ ಮೇ 6. ಅದಕ್ಕೇ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. ವಿಟಿಯು (ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ) ಕೊಟ್ಟ ಸಿಜಿಪಿಎ, ಅಂದರೆ ಸರಾಸರಿ ಅಂಕವನ್ನು, ನೀವೇ ಅಮೆರಿಕದ 4ರ ಅಳತೆಗೆ ಇಳಿಸಬೇಡಿ, 10ಕ್ಕೆ 8.2 ಎಂದು ಇದ್ದಂತೆ ಕೊಡಿ. ಪಿಯುಸಿ ಅಂದರೆ ಯಾರಿಗೂ ತಿಳಿಯದು, ಹನ್ನೆರಡನೇ ತರಗತಿ ಎಂದು ಸೇರಿಸಿ.

ಹಿರಿಯರಿಗೆ ಇನ್ನೊಂದು ತೊಡಕಿದೆ. 2014ರ ನವೆಂಬರ್ 1ಕ್ಕೆ ಬೆಲ್ಗಾಮ್ ಬೆಳಗಾವಿಯಾಯಿತು, ಬಿಜಾಪುರ ವಿಜಯಪುರವಾಯಿತು. ಹಳೇ ಮಾರ್ಕ್ಸ್ ಕಾರ್ಡಿನಲ್ಲಿ ಹಳೇ ಹೆಸರೇ ಇದೆ, ದಾಖಲೆ ತಾಳೆ ನೋಡುವವರು ಅಕ್ಷರಕ್ಕೆ ಅಕ್ಷರ ಹೊಂದಿಸುತ್ತಾರೆ. ಕಾರ್ಡಿನಲ್ಲಿದ್ದಂತೆ ಬರೆದು ಪಕ್ಕದಲ್ಲಿ ಈಗಿನ ಹೆಸರು ಹಾಕಿ.

ಜಾಗ ಮುಗಿಯಿತು, ಸೂಚನೆಗಳು ಉಳಿದಿವೆ: ಗಣಪತಿ ಕೂಡಿಸುವ ದಿನದ ಊಟಕ್ಕೆ ಈ ಭಾನುವಾರದೊಳಗೆ ಹೆಸರು ಕೊಡಿ, ರೊಟ್ಟಿ ಬಡಿಯುವವರು ಸದ್ಯ ಇಬ್ಬರೇ ಇದ್ದಾರೆ. ಮಕ್ಕಳ ತರಗತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ. ರಾಜ್ಯೋತ್ಸವದ ನಾಟಕಕ್ಕೆ ಗಂಡಸರು ಬೇಕು, ಹೆಂಗಸರು ಆಗಲೇ ಜಾಸ್ತಿಯಾದರು. ಚಂದಾ ಬಾಕಿಯವರಿಗೆ ಅವರು ಯಾರೆಂದು ಗೊತ್ತು. ಹೊಸಬರ ಸಿವಿ ನೋಡಿಕೊಡಲು ವಾರಕ್ಕೊಂದು ತಾಸು ಕೊಡುವ ಇಬ್ಬರು ಬೇಕು. ಈ ಸುದ್ದಿಪತ್ರದ ಕರಡು ತಿದ್ದಲು ಒಬ್ಬರಾದರೂ ಬನ್ನಿ. ಹೋದ ಸಂಚಿಕೆಯಲ್ಲಿ ಅದರ ಹಿಂದಿನ ತಿಂಗಳ ತಾರೀಖೇ ಉಳಿದುಬಿಟ್ಟಿತ್ತು, ಥೇಟ್ ಜೆರಾಕ್ಸ್ ಅಂಗಡಿಯ ಹಾಗೆ.